ಡಬ್ಬಿಯೊಳಗಿನ ಸಿಗಾರ್: ಮೀಟರ್ ಅಳೆಯುವುದು ಏನನ್ನು?

ಪ್ರಶ್ನೆ: ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಪ್ಪತ್ತೈದು ಸಿಗಾರ್ ಇಟ್ಟಿದ್ದೇನೆ. ಜೊತೆಗೆ ಗಾಳಿಯ ತೇವವನ್ನು ಶೇಕಡಾ ಲೆಕ್ಕದಲ್ಲಿ ಅಳೆಯುವ ಎರಡು ಡಿಜಿಟಲ್ ಹೈಗ್ರೋಮೀಟರ್. ಒಂದು ಶೇ. 64 ತೋರಿಸಿದರೆ ಇನ್ನೊಂದು 71 ತೋರಿಸುತ್ತದೆ. ಯಾವುದನ್ನು ನಂಬಲಿ?

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ಅಗ್ಗದ ಮೀಟರುಗಳಲ್ಲಿ ನಾಲ್ಕೈದು ಅಂಕ ಹೆಚ್ಚುಕಮ್ಮಿ ಆಗುವುದು ಮಾಮೂಲು. ಉಪ್ಪಿನ ಪರೀಕ್ಷೆ ಮಾಡಿ. ನೆನೆದು ಕೆಸರಾದ ಅಡುಗೆ ಉಪ್ಪು ಮುಚ್ಚಿದ ಜಾಗದ ಗಾಳಿಯನ್ನು ಶೇ. 75ಕ್ಕೆ ತಂದು ನಿಲ್ಲಿಸುತ್ತದೆ. 20ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಅಂಕಿ ಕದಲುವುದಿಲ್ಲ ಎಂದೇ ಹೇಳಬಹುದು.

ನೀರಿನ ಬಾಟಲಿಯ ಮುಚ್ಚಳದಲ್ಲಿ ಮುಕ್ಕಾಲು ಭಾಗ ಉಪ್ಪು ತುಂಬಿ, ಮೇಲೆ ಹನಿ ಹನಿಯಾಗಿ ನೀರು ಬಿಡಿ. ಒದ್ದೆ ಮರಳಿನ ಹದ ಬಂದ ಕೂಡಲೇ ನಿಲ್ಲಿಸಿ. ಎಡವುವುದು ಬಹುಪಾಲು ಇಲ್ಲೇ: ಮೇಲೆ ನೀರು ನಿಂತರೆ ಆ ಮೇಲ್ಪದರದಲ್ಲಿ ಉಪ್ಪು ಸಾಲದೆ ಗಾಳಿ 75ನ್ನು ದಾಟುತ್ತದೆ, ಉಪ್ಪು ಒಣಗಿದ್ದರೆ 75ಕ್ಕೆ ಏರುವುದೇ ಇಲ್ಲ. ಮುಚ್ಚಳವನ್ನೂ ಎರಡೂ ಮೀಟರುಗಳನ್ನೂ ಜಿಪ್ ಚೀಲದಲ್ಲಿಟ್ಟು, ಸ್ವಲ್ಪ ಗಾಳಿ ಉಳಿಸಿ ಮುಚ್ಚಿ. ಉಪ್ಪು ಮೀಟರಿಗೆ ತಾಗದಿರಲಿ. ಬಿಸಿಲು, ಫ್ಯಾನು ತಗಲದ ಕಡೆ 24 ಗಂಟೆ ಬಿಟ್ಟು, ಚೀಲ ತೆರೆಯದೆ ಹೊರಗಿನಿಂದಲೇ ಅಂಕಿ ಓದಿಕೊಳ್ಳಿ. 70 ತೋರಿಸಿದರೆ ಆ ಮೀಟರಿಗೆ ಯಾವಾಗಲೂ 5 ಕೂಡಿಸಬೇಕು. 77 ಇದ್ದರೆ 2 ಕಳೆಯಬೇಕು. ಆ '+5' ಅಥವಾ '−2' ಅನ್ನು ಚೂರು ಟೇಪಿನ ಮೇಲೆ ಬರೆದು ಮೀಟರಿನ ಬೆನ್ನಿಗೆ ಅಂಟಿಸಿ, ನೆನಪನ್ನು ನೆಚ್ಚಿಕೊಳ್ಳಬೇಡಿ. ಆರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷಿಸಿ. ಹತ್ತು ಅಂಕ ತಪ್ಪಿದ್ದನ್ನು ಎಸೆಯುವುದೇ ವಾಸಿ. ಮುಳ್ಳು ತಿರುಗುವ ಸ್ಪ್ರಿಂಗ್ ಮೀಟರುಗಳು ನೋಡಲು ಚೆಂದ, ಅಷ್ಟೇ.

ಪ್ರಶ್ನೆ: ಪರೀಕ್ಷಿಸಿದ ಮೀಟರ್ ತಿಂಗಳಿಂದ 69ರಲ್ಲೇ ನಿಂತಿದೆ. ಆದರೂ ಸಿಗಾರ್ ಮೆತ್ತಗಿದೆ, ಹೊಗೆ ಸರಾಗವಾಗಿ ಎಳೆಯಲಾಗುವುದಿಲ್ಲ, ಮಧ್ಯೆ ಮಧ್ಯೆ ಆರಿಹೋಗುತ್ತದೆ. ತೇವಕ್ಕೆ ಒದ್ದೆ ಸ್ಪಾಂಜ್ ಇಟ್ಟಿದ್ದೇನೆ.

ಉತ್ತರ: ಮೀಟರ್ ಅಳೆಯುವುದು ಗಾಳಿಯನ್ನು, ಸಿಗಾರನ್ನಲ್ಲ. ಒಂದು ಸಣ್ಣ ಲೆಕ್ಕ ನೋಡಿ. 25 ಡಿಗ್ರಿಯಲ್ಲಿ 5 ಲೀಟರ್ ಗಾಳಿ ಹಿಡಿಯುವ ನೀರಾವಿ ಹೆಚ್ಚೆಂದರೆ ಸುಮಾರು 0.115 ಗ್ರಾಂ, ಶೇ. 70ರಲ್ಲಿ 0.08 ಗ್ರಾಂ. ಹತ್ತು ಗ್ರಾಂ ತೂಗುವ ಒಂದೇ ಸಿಗಾರಿನೊಳಗೆ ಒಂದು ಗ್ರಾಂ ಮಿಕ್ಕಿ ನೀರಿರುತ್ತದೆ. ಅಂದರೆ ಡಬ್ಬಿಯ ನೀರೆಲ್ಲ ತಂಬಾಕಿನಲ್ಲೇ ಇದೆ. ಗಾಳಿ ಗಂಟೆಗಳಲ್ಲಿ ಬದಲಾಗುತ್ತದೆ, ಎಲೆಯ ಒಳಪದರಕ್ಕೆ ವಾರಗಳು ಬೇಕು.

ಹಾಗಾಗಿ ಸ್ಪಾಂಜನ್ನು ಪೂರ್ತಿ ಹೊರತೆಗೆದು, ಮುಚ್ಚಳ ಹಾಕಿ, ಎರಡು ದಿನ ಬಿಡಿ. ಆಗ ಮೀಟರ್ ತೋರಿಸುವುದು ಸಿಗಾರುಗಳ ಸ್ವಂತ ತೇವವನ್ನು. ಅದು 72, 73ಕ್ಕೆ ಏರಿದರೆ ನಿಮ್ಮ ದೂರಿಗೆ ಕಾರಣ ಸಿಕ್ಕಿತು. ಮರದ ಪೆಟ್ಟಿಗೆಯಾಗಿದ್ದರೆ ಹೆಚ್ಚಾದದ್ದನ್ನು ಹಲಗೆ ಕುಡಿಯುತ್ತಿತ್ತು; ಪ್ಲಾಸ್ಟಿಕ್ ಒಂದು ಹನಿಯನ್ನೂ ಹೀರುವುದಿಲ್ಲ. ಸ್ಪಾಂಜಿಗೆ ಕೊಡುವುದಷ್ಟೇ ಗೊತ್ತು, ಹಿಂದಕ್ಕೆ ತೆಗೆದುಕೊಳ್ಳುವುದು ಗೊತ್ತಿಲ್ಲ. ಅದರ ಬದಲು ಉಪ್ಪಿನ ದ್ರಾವಣ ತುಂಬಿದ, ತೇವ ಕೊಡುವ ಮತ್ತು ಹೀರುವ ಎರಡೂ ಕೆಲಸ ಮಾಡುವ ಪೊಟ್ಟಣ ಇಡಿ. 62, 65, 69, 72 ಎಂದು ಅಂಕಿ ಅಚ್ಚಾಗಿರುತ್ತದೆ. ಪ್ಲಾಸ್ಟಿಕ್ ಡಬ್ಬಿಗೆ 65 ಸಾಕು ಎಂಬುದು ನಮ್ಮ ಅಭಿಪ್ರಾಯ. 69ರ ಪರ ವಾದಿಸುವವರೂ ಇದ್ದಾರೆ. ಪೊಟ್ಟಣ ಇಟ್ಟ ಮೇಲೆ ಮೂರು ವಾರ ಕಾಯಿರಿ. ಬೇಗ ಒಣಗಲೆಂದು ಸಿಗಾರುಗಳನ್ನು ಹೊರಗೆ ಹರಡಬೇಡಿ: ಮೇಲಿನ ತೆಳು ಎಲೆ ಮೊದಲು ಒಣಗಿ ಬಿಗಿಯುತ್ತದೆ, ಉಬ್ಬಿದ ಒಡಲು ಹಾಗೇ ಇರುತ್ತದೆ, ಎಲೆ ಉದ್ದಕ್ಕೆ ಸೀಳುತ್ತದೆ.

ಪ್ರಶ್ನೆ: ಮೀಟರಿನಲ್ಲಿ 70 ಇದ್ದರೂ ಡಬ್ಬಿಯ ಒಂದು ಬದಿಯಲ್ಲಿ ಮಾತ್ರ ಒಳಗೆ ನೀರಹನಿ ಕಟ್ಟುತ್ತದೆ, ಯಾಕೆ?

ಉತ್ತರ: ಆ ಬದಿ ತಣ್ಣಗಿದೆ. 25 ಡಿಗ್ರಿಯ, ಶೇ. 70ರ ಗಾಳಿ 19 ಡಿಗ್ರಿಗಿಂತ ತಣ್ಣಗಿನ ಗೋಡೆಗೆ ತಾಗಿದರೆ ಹನಿಯಾಗುತ್ತದೆ. ಕಿಟಕಿ, ಎ.ಸಿ. ಅಥವಾ ಹೊರಗೋಡೆಯ ಪಕ್ಕ ಇಟ್ಟಿರಬಹುದು. ಹನಿ ಒರೆಸಿ, ಡಬ್ಬಿಯನ್ನು ಕಪಾಟಿನ ನಡುವಿಗೆ ಸರಿಸಿ. ಹನಿ ತಾಗಿದ ಸಿಗಾರುಗಳನ್ನು ಬೇರೆ ಇಟ್ಟು ಒಂದು ವಾರ ಗಮನಿಸಿ. ತುದಿಯಲ್ಲಿ ನೂಲುನೂಲಾದ ಬಿಳಿ ಅಥವಾ ಹಸಿರು ಬೂಸ್ಟು ಕಂಡರೆ ಅದನ್ನು ಎಸೆಯಿರಿ.

ಪ್ರಶ್ನೆ: ಎಷ್ಟು ಪೊಟ್ಟಣ ಬೇಕು? ಮುಗಿದದ್ದು ಗೊತ್ತಾಗುವುದು ಹೇಗೆ?

ಉತ್ತರ: 25 ಸಿಗಾರಿನ ಜಾಗಕ್ಕೆ 60 ಗ್ರಾಮಿನದು ಒಂದು. ಲೆಕ್ಕ ಡಬ್ಬಿಯ ಅಳತೆಗೆ, ಒಳಗೆ ಎಷ್ಟು ಸಿಗಾರ್ ಉಳಿದಿವೆ ಎಂಬುದಕ್ಕಲ್ಲ. ವಾರಕ್ಕೊಮ್ಮೆ ಬೆರಳಿನಿಂದ ಒತ್ತಿ ನೋಡಿ: ಹೊಸದು ಗಟ್ಟಿ ಗಂಜಿಯ ಹಾಗೆ ಜಾರುತ್ತದೆ, ಮುಗಿಯುತ್ತ ಬಂದಾಗ ಹರಳು ಚುಚ್ಚಿ ಸಿಗುತ್ತದೆ. ಮುಕ್ಕಾಲು ಭಾಗ ಗಟ್ಟಿಯಾದರೆ ಬದಲಿಸಿ.

ಎರಡು ವಾರಕ್ಕೇ ಕಲ್ಲಾಯಿತೆಂದರೆ ಒಂದೋ ಸಿಗಾರುಗಳು ತೀರಾ ಒಣಗಿದ್ದವು, ಇಲ್ಲವೇ ಡಬ್ಬಿ ಸೋರುತ್ತಿದೆ. ಮುಚ್ಚಳದ ರಬ್ಬರ್ ಅಂಚಿಗೆ ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ ಮುಚ್ಚಿ, ಎಳೆದು ನೋಡಿ. ನಾಲ್ಕೂ ಬದಿಯಲ್ಲಿ ಹೀಗೆ ಮಾಡಿ. ಸುಲಭವಾಗಿ ಜಾರಿ ಬಂದ ಕಡೆಯೇ ಸೋರಿಕೆ.