ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಸ್ವಂತ ಕೆಲಸಕ್ಕೆ ಇಂಟರ್ನೆಟ್ ಬಳಸಿದರೆ ಕಂಪನಿಗೆ ಗೊತ್ತಾಗುತ್ತಾ? ಕೆಲಸ ಹೋಗುತ್ತಾ?

ಗೊತ್ತಾಗುತ್ತದೆ. ಇನ್‌ಕಾಗ್ನಿಟೋದಲ್ಲಿ ನೋಡಿದರೂ ಗೊತ್ತಾಗುತ್ತಾ ಅಂತ ಕೇಳಬಹುದು, ಅದಕ್ಕೂ ಹೌದು. ಇನ್‌ಕಾಗ್ನಿಟೋ ಅಂದರೆ ನಿಮ್ಮ ಬ್ರೌಸರ್‌ನಲ್ಲಿ ಹಿಸ್ಟರಿ ಉಳಿಯುವುದಿಲ್ಲ, ಅಷ್ಟೇ. ಆಫೀಸಿನ ಪ್ರಾಕ್ಸಿಯಲ್ಲಿ, ಅಂದರೆ ನೀವು ತೆರೆಯುವ ಸೈಟೆಲ್ಲ ಹಾದುಹೋಗುವ ಕಂಪನಿಯ ಸರ್ವರ್‌ನಲ್ಲಿ, ಉಳಿಯುತ್ತದೆ.

ನಾನು ಬೆಂಗಳೂರಿನ ಒಂದು ಕಂಪನಿಯ ಐಟಿ ಟೀಮಿನಲ್ಲಿದ್ದೇನೆ, ಈ ಲಾಗ್‌ಗಳೆಲ್ಲ ಬಂದು ಬೀಳುವುದು ನಮ್ಮ ಕಡೆಗೇ. ನೋಡಲು ಏನೂ ಸ್ವಾರಸ್ಯ ಇಲ್ಲ. ಒಂದೊಂದು ಸಾಲಿನಲ್ಲಿ ಟೈಮು, ನಿಮ್ಮ ಲಾಗಿನ್ ಐಡಿ, ಸೈಟಿನ ವಿಳಾಸ, ಅದು ಶಾಪಿಂಗೋ ಜಾಬ್ ಸರ್ಚೋ ಸ್ಟ್ರೀಮಿಂಗೋ ಅನ್ನುವ ಕೆಟಗರಿ, ಬಿಟ್ಟಿದ್ದಾ ತಡೆದಿದ್ದಾ, ಎಷ್ಟು ಎಂಬಿ ಹೋಯಿತು, ಎಷ್ಟು ಬಂತು. ಇಂಥ ಲಕ್ಷಗಟ್ಟಲೆ ಸಾಲುಗಳನ್ನು ಓದುತ್ತಾ ಕೂರಲು ಯಾರಿಗೂ ಪುರುಸೊತ್ತಿಲ್ಲ. ಊಟದ ಹೊತ್ತಲ್ಲಿ ಸ್ಕೋರ್ ನೋಡಿದಿರಿ, ಊರಿಗೆ ಹೋಗಲು ಬಸ್ ಟಿಕೆಟ್ ಬುಕ್ ಮಾಡಿದಿರಿ, ಕರೆಂಟ್ ಬಿಲ್ ಕಟ್ಟಿದಿರಿ ಅಂತ ಸುಮ್ನೆ ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಆದರೆ ಸಾಲುಗಳು ಅಲ್ಲೇ ಇರುತ್ತವೆ. ಮುಂದೆ ಯಾವತ್ತೋ ಮ್ಯಾನೇಜರಿಗೂ ನಿಮಗೂ ಬೇರೆ ಯಾವುದೋ ವಿಷಯಕ್ಕೆ ಹಳಸಿ, ಇವರ ಮೂರು ತಿಂಗಳ ರಿಪೋರ್ಟ್ ಕೊಡಿ ಅಂತ ಎಚ್‌ಆರ್‌ನಿಂದ ನಮಗೆ ಕೋರಿಕೆ ಬಂದರೆ, ಆಗ ಕ್ರಿಕೆಟ್ ಸ್ಕೋರೂ ಸಾಕ್ಷಿಯೇ. ಇದು ನನಗೆ ಸರಿ ಅನಿಸುವುದಿಲ್ಲ. ನಡೆಯುವುದು ಮಾತ್ರ ಹೀಗೇ.

ಎಚ್‌ಟಿಟಿಪಿಎಸ್ (ನಿಮಗೂ ಸೈಟಿಗೂ ನಡುವೆ ಹೋಗುವುದನ್ನು ಬೇರೆಯವರು ಓದದ ಹಾಗೆ ಮುಚ್ಚುವ ವ್ಯವಸ್ಥೆ) ಇದ್ದರೆ ಸೇಫ್ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ನಿಮ್ಮ ಸ್ವಂತ ಫೋನಿನ ಮಟ್ಟಿಗೆ ಹೌದು, ಆಫೀಸ್ ವೈಫೈ ಹಿಡಿದರೂ ಸಾಮಾನ್ಯವಾಗಿ ಸೈಟಿನ ಹೆಸರು ಕಾಣುತ್ತದೆಯೇ ಹೊರತು ಒಳಗೆ ಏನು ಓದಿದಿರಿ ಅನ್ನುವುದಲ್ಲ. ಕಂಪನಿ ಲ್ಯಾಪ್‌ಟಾಪಿನ ಕಥೆ ಬೇರೆ. ಎಷ್ಟೋ ಕಡೆ ಅದರಲ್ಲಿ ಕಂಪನಿಯ ಸರ್ಟಿಫಿಕೇಟ್ (ಪ್ರಾಕ್ಸಿಯನ್ನು ನಂಬು ಅಂತ ಬ್ರೌಸರ್‌ಗೆ ಹೇಳುವ ಡಿಜಿಟಲ್ ಗುರುತು) ಮೊದಲೇ ಹಾಕಿರುತ್ತಾರೆ, ಪ್ರಾಕ್ಸಿ ಮಧ್ಯೆ ನಿಂತು ಬಿಚ್ಚಿ ನೋಡಿ ಮತ್ತೆ ಮುಚ್ಚಿ ಕಳಿಸುತ್ತದೆ. ಬೇಕಾದರೆ ಈಗಲೇ ನೋಡಿ. ವಿಳಾಸದ ಪಕ್ಕದ ಗುರುತು ಒತ್ತಿ, ಸರ್ಟಿಫಿಕೇಟ್ ತೆಗೆದು, ಕೊಟ್ಟವರು ಯಾರು ಅಂತ ಓದಿ. ಅಲ್ಲಿ ನಿಮ್ಮ ಕಂಪನಿಯ ಹೆಸರೋ ಝೀಸ್ಕೇಲರ್ ತರದ ಸೆಕ್ಯುರಿಟಿ ಕಂಪನಿಯದ್ದೋ ಇದ್ದರೆ ಮುಗಿಯಿತು, ಒಳಗಿನದೂ ಕಾಣುತ್ತದೆ.

ಇನ್ನು ಕೆಲಸ ಹೋಗುವ ಮಾತು. ನಾನು ಕಂಡ ಹಾಗೆ ಕೆಲಸ ಹೋಗುವುದು ಸೈಟ್ ನೋಡಿದ್ದಕ್ಕಲ್ಲ, ಫೈಲ್ ಸಾಗಿಸಿದ್ದಕ್ಕೆ. ಪೇಪರ್ ಹಾಕಿದ (ರಾಜೀನಾಮೆ ಕೊಟ್ಟ) ಮೇಲೆ ನಾನೇ ಬರೆದ ಕೋಡ್ ತಾನೇ ಅಂತ ಜಿಪ್ ಮಾಡಿ ಸ್ವಂತ ಜಿಮೇಲ್‌ಗೋ ಡ್ರೈವ್‌ಗೋ ಹಾಕುತ್ತಾರೆ. ಅದೇ ಜಿಪ್ಪಿನಲ್ಲಿ ಪೇಸ್ಲಿಪ್ಪೂ ಮಗಳ ಬರ್ತ್‌ಡೇ ಫೋಟೋನೂ ಇರುತ್ತದೆ, ಪಾಪ, ಕದಿಯುವ ಉದ್ದೇಶವೇ ಇರುವುದಿಲ್ಲ. ಆದರೆ ಡಿಎಲ್‌ಪಿ (ಕಂಪನಿಯ ಫೈಲ್ ಹೊರಗೆ ಹೋಗುವುದನ್ನು ಹಿಡಿಯುವ ಸಾಫ್ಟ್‌ವೇರ್) ಅಲರ್ಟ್‌ಗೆ ಉದ್ದೇಶ ಗೊತ್ತಾಗುವುದಿಲ್ಲ. ನೋಟಿಸ್ ಪೀರಿಯಡ್‌ನಲ್ಲಿ ಇರುವವರ ಮೇಲೆ ಕಣ್ಣು ಬೇರೆ ಜಾಸ್ತಿ. ಆಮೇಲೆ ರಿಲೀವಿಂಗ್ ಲೆಟರ್ ನಿಲ್ಲುತ್ತದೆ, ಹೊಸ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಸಿಕ್ಕಿಕೊಳ್ಳುತ್ತದೆ. ಪೇಸ್ಲಿಪ್, ಫಾರ್ಮ್ 16 ಬೇಕಿದ್ದರೆ ಎಚ್‌ಆರ್‌ಗೆ ಮೇಲ್ ಹಾಕಿ ತರಿಸಿಕೊಳ್ಳಿ.

ಪ್ರೈವೆಸಿ ಕಾನೂನು ಕಾಪಾಡುವುದಿಲ್ಲವಾ? ರೊಮೇನಿಯಾದಲ್ಲಿ ಯಾಹೂ ಮೆಸೆಂಜರ್‌ನಲ್ಲಿ ಸ್ವಂತ ಮಾತಾಡಿದ್ದಕ್ಕೆ ಕೆಲಸ ಕಳೆದುಕೊಂಡ ಒಬ್ಬರು 2017ರಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟಿನಲ್ಲಿ ಗೆದ್ದರು. ಮೆಸೇಜ್ ಓದುತ್ತೇವೆ ಅಂತ ಮುಂಚೆ ತಿಳಿಸಿದ್ದರಾ ಅನ್ನುವುದನ್ನೇ ಅಲ್ಲಿನ ಕೋರ್ಟುಗಳು ಸರಿಯಾಗಿ ನೋಡಿರಲಿಲ್ಲ. ನಮ್ಮಲ್ಲಿ 2023ರ ಡೇಟಾ ಪ್ರೊಟೆಕ್ಷನ್ ಕಾಯ್ದೆಯ 7ನೇ ಸೆಕ್ಷನ್ನೇ ಉದ್ಯೋಗದ ಉದ್ದೇಶಕ್ಕೆ, ಕಂಪನಿಯನ್ನು ನಷ್ಟದಿಂದ ಕಾಪಾಡುವುದಕ್ಕೆ ನೌಕರರ ಮಾಹಿತಿಯನ್ನು ಒಪ್ಪಿಗೆ ಕೇಳದೆ ಬಳಸಲು ದಾರಿ ಬಿಟ್ಟಿದೆ. ಜೊತೆಗೆ ಸೇರಿದ ದಿನ ಪಾಲಿಸಿ ಪೇಪರಿಗೆ ಸೈನ್ ಹಾಕಿರುತ್ತೀರಿ, ಓದಿರುವುದಿಲ್ಲ ಬಿಡಿ.

ಆದ್ದರಿಂದ ಸ್ವಂತದ್ದೆಲ್ಲ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ ಮಾಡಿ. ಆಫೀಸಿನ ಕ್ರೋಮ್‌ಗೆ ನಿಮ್ಮ ಜಿಮೇಲ್ ಹಾಕಿ ಸಿಂಕ್ ಆನ್ ಮಾಡಿದ್ದರೆ ಇವತ್ತೇ ತೆಗೆಯಿರಿ, ಮನೆಯಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳೂ ಆ ಲ್ಯಾಪ್‌ಟಾಪಿಗೆ ಬಂದಿರುತ್ತವೆ.