ಸೈರನ್ ಹೊಡೆದ ಮೇಲೆ ಯಾರು ಬರುತ್ತಾರೆ?

ಪ್ರಶ್ನೆ: ಸಾಗರ ಪೇಟೆಯಿಂದ ಏಳೆಂಟು ಕಿಲೋಮೀಟರ್ ಒಳಗೆ ನಮ್ಮ ತೋಟದ ಮನೆ. ಅಪ್ಪನಿಗೆ 74, ಅಮ್ಮನಿಗೆ 68, ಇಬ್ಬರೇ ಇದ್ದಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಕೊಯ್ಲು ಮುಗಿದ ಮೇಲೆ ಅಡಿಕೆ ಮೂಟೆಗಳು ಮನೆಯಲ್ಲೇ ಇರುತ್ತವೆ, ಅದೇ ಚಿಂತೆ. ಮನೆಗೆ ಕಳ್ಳರ ಅಲಾರಂ ಹಾಕಿಸೋಣ ಅಂತಿದ್ದೇನೆ. ಅಲಾರಂ ಕಂಪನಿಯವರು ‘24 ಗಂಟೆ ನಿಗಾ’ ಅಂತ ತಿಂಗಳಿಗೆ 499 ರೂಪಾಯಿಯದು ಒಂದು, 999 ರೂಪಾಯಿಯದು ಒಂದು ಪ್ಲ್ಯಾನ್ ಹೇಳುತ್ತಿದ್ದಾರೆ. ಯಾವುದು ತೆಗೆದುಕೊಳ್ಳಲಿ?

ಉತ್ತರ: ದುಡ್ಡಿನ ಮಾತು ಆಮೇಲೆ. ಮೊದಲು ಅವರಿಗೆ ಫೋನ್ ಮಾಡಿ ಕೇಳಿ: ರಾತ್ರಿ ಎರಡು ಗಂಟೆಗೆ ನಮ್ಮನೆ ಸೈರನ್ ಹೊಡೆದರೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ? ನಿಗಾ ಅಂದರೆ ಬಹಳ ಕಡೆ ಇಷ್ಟೇ. ಸಿಗ್ನಲ್ ಕಂಟ್ರೋಲ್ ರೂಮಿಗೆ ಹೋಗುತ್ತದೆ, ಅಲ್ಲಿ ಕೂತವರು ನಿಮಗೆ ಫೋನ್ ಮಾಡುತ್ತಾರೆ, ನೀವು ಎತ್ತದಿದ್ದರೆ ನೀವು ಕೊಟ್ಟ ಎರಡನೇ ನಂಬರಿಗೆ, ಅದೂ ಆಗದಿದ್ದರೆ ಪೊಲೀಸರಿಗೆ. ಆ ಪೊಲೀಸ್ ನಂಬರ್ 112. ಅದಕ್ಕೆ ಅಪ್ಪನೇ ಮಾಡಬಹುದು ಅಲ್ವಾ? 999ರ ಪ್ಲ್ಯಾನ್‌ನಲ್ಲಿ ಗಾರ್ಡ್ ಕಳಿಸುತ್ತೇವೆ ಅಂದರೆ, ನಿಮ್ಮ ತೋಟದ ಮನೆ ತನಕ ಬರುತ್ತಾರಾ ಅಂತ ಬರೆದು ಕೊಡಲಿ. ಗಾರ್ಡ್ ಕೊಡುವ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇರಲೇಬೇಕು, ಅದನ್ನೂ ನೋಡಿ. ಬರೆದು ಕೊಡದಿದ್ದರೆ 499ರದ್ದೇ ಸಾಕು.

ಆದರೆ ಆ 499 ಕೆಲಸಕ್ಕೆ ಬರುವುದು ಬೇಲಿಯಾಚೆಯ ಮನೆಯವರು ಜೊತೆಗಿದ್ದರೆ ಮಾತ್ರ. ಕಂಟ್ರೋಲ್ ರೂಮಿಗೆ ಕೊಡುವ ನಂಬರ್‌ಗಳಲ್ಲಿ ಅವರದ್ದು ಮೊದಲು ಇರಲಿ, ನಿಮ್ಮದು ಎರಡನೆಯದು. ನೀವು ಬೆಂಗಳೂರಿನಲ್ಲಿ ಎದ್ದು ಕೂತು ಏನು ಮಾಡಲು ಸಾಧ್ಯ? ಫೋನ್ ಮಾಡುವವರು ಕನ್ನಡ ಮಾತಾಡುತ್ತಾರಾ ಅಂತಲೂ ಕೇಳಿಕೊಳ್ಳಿ. ನನ್ನ ಅಮ್ಮನ ಮನೆಗೆ ಹಾಕಿಸಿದಾಗ ನಾನಿದನ್ನು ಕೇಳಿರಲಿಲ್ಲ. ಹಾಲ್‌ನಲ್ಲಿದ್ದ ಚಲನೆಯ ಸೆನ್ಸರ್ ಮೇಲೆ ಹಲ್ಲಿ ಓಡಾಡಿ ಒಂದೇ ವಾರದಲ್ಲಿ ಮೂರು ಸಲ ಸೈರನ್ ಹೊಡೆಯಿತು, ಪ್ರತಿ ಸಲವೂ ನಡುರಾತ್ರಿ ಯಾರೋ ಹಿಂದಿಯಲ್ಲಿ ಫೋನ್ ಮಾಡಿದರು, ಅಮ್ಮನಿಗೆ ಒಂದು ಮಾತೂ ತಿಳಿಯಲಿಲ್ಲ. ನಾಲ್ಕನೇ ದಿನ ನಾನು ಹೋದಾಗ ಪ್ಲಗ್ ಕಿತ್ತು, ವೈರ್ ಸುತ್ತಿ, ದೇವರ ಗೂಡಿನ ಪಕ್ಕ ಇಟ್ಟಿದ್ದರು. ತಿಂಗಳ ದುಡ್ಡು ಮಾತ್ರ ಹೋಗುತ್ತಲೇ ಇತ್ತು. ಆ ರಾತ್ರಿಗಳಲ್ಲಿ ಅಮ್ಮ ಎಷ್ಟು ಹೆದರಿರಬೇಕು ಅಂತ ಈಗಲೂ ಬೇಜಾರಾಗುತ್ತದೆ.

ಹಾಗಾಗಿ ಅಂಗಳದಲ್ಲಿ ಚಲನೆಯ ಸೆನ್ಸರ್ ಬೇಡ. ನಾಯಿ, ಬೆಕ್ಕು, ದನ, ಯಾವುದು ಹಾದರೂ ಕೂಗುತ್ತದೆ. ಅಡಿಕೆ ಇಡುವ ಕೋಣೆಯ ಬಾಗಿಲಿಗೆ ಮ್ಯಾಗ್ನೆಟ್ ಸೆನ್ಸರ್ ಹಾಕಿಸಿ. ಬಾಗಿಲು ತೆರೆದರಷ್ಟೇ ಅದು ಕೂಗುವುದು. ಅಂಗಳಕ್ಕೆ ಒಂದು ಕ್ಯಾಮೆರಾ ಸಾಕು, ಆದರೆ ರಾತ್ರಿ ಅದರ ಬೆಳಕಿಗೆ ಹುಳ ಬರುತ್ತದೆ, ಹುಳ ತಿನ್ನಲು ಜೇಡ ಬಂದು ಬಲೆ ಕಟ್ಟುತ್ತದೆ, ವಾರಕ್ಕೊಮ್ಮೆ ಒರೆಸಲೇಬೇಕು. ಮನೆಯೊಳಗೆ ಕ್ಯಾಮೆರಾ ಇಡುವ ಮುಂಚೆ ಅಪ್ಪ ಅಮ್ಮನನ್ನು ಕೇಳಿ, ದಿನವಿಡೀ ಅದರ ಕೆಳಗೆ ಓಡಾಡುವವರು ಅವರು.

ಮಳೆಗಾಲದ್ದು ದೊಡ್ಡ ವಿಷಯ. ಮರ ಬಿದ್ದು ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ, ಬರೀ ವೈಫೈ ನಂಬಿದ ಅಲಾರಂ ಅಲ್ಲಿಗೆ ಮುಗಿಯಿತು. ಒಳಗೇ ಬ್ಯಾಟರಿ ಮತ್ತು ಸಿಮ್ ಇರುವ ಪೆಟ್ಟಿಗೆ ಬೇಕು. ಯಾವ ಕಂಪನಿಯ ಸಿಮ್‌ಗೆ ನಿಮ್ಮನೆಯಲ್ಲಿ ಸಿಗ್ನಲ್ ಸಿಗುತ್ತದೆ ಅಂತ ಅಪ್ಪನಿಗೇ ಗೊತ್ತಿರುತ್ತದೆ, ಅದನ್ನೇ ಹಾಕಿಸಿ. ಹಾಕಿದ ದಿನವೇ ಮೇನ್ ಸ್ವಿಚ್ ಆಫ್ ಮಾಡಿ, ಬಾಗಿಲು ತೆರೆದು, ಫೋನ್ ಬರುತ್ತದಾ ನೋಡಿ.

ಇನ್ನೊಂದು, ಕಷ್ಟ ಬಂದಾಗ ಒತ್ತಿ ಸಹಾಯಕ್ಕೆ ಕರೆಯುವ ಗುಂಡಿ. ಇದನ್ನು ಮಾತ್ರ ಬಿಡಬೇಡಿ. ಒಂದು ಮಂಚದ ಪಕ್ಕ, ಒಂದು ಬಚ್ಚಲುಮನೆಯಲ್ಲಿ, ಬಿದ್ದವರ ಕೈಗೂ ಎಟಕುವಷ್ಟು ಕೆಳಗೆ. ಈ ವಯಸ್ಸಿನಲ್ಲಿ ಕಳ್ಳರಿಗಿಂತ ಒದ್ದೆ ನೆಲದ ಭಯವೇ ಜಾಸ್ತಿ.

ಈಗ ದುಡ್ಡು. 499 ಅಂದರೆ ವರ್ಷಕ್ಕೆ 5,988. ಜಿಎಸ್‌ಟಿ ಬೇರೆ ಅಂದಿದ್ದರೆ 18% ಸೇರಿ ಸುಮಾರು 7,066 ಆಗುತ್ತದೆ. ಸಾಮಾನಿನ ದುಡ್ಡು, ಹಾಕುವ ಕೂಲಿ ಬೇರೆ.

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ. ಮೂರು ವರ್ಷಕ್ಕೆ ಒಪ್ಪಂದ ಮಾಡಿಕೊಂಡರೆ ಅಲಾರಂ ಸಾಮಾನು ಫ್ರೀ ಅನ್ನುತ್ತಾರೆ ಕಂಪನಿಯವರು. ಒಪ್ಪಬಹುದಾ?

ಉತ್ತರ: ಬೇಡ. ನಿಮ್ಮ ಬಾಡಿಗೆ ಕರಾರು 11 ತಿಂಗಳದ್ದಾಗಿದ್ದರೆ ಮೂರು ವರ್ಷದ ಒಪ್ಪಂದ ಯಾಕೆ? ಮಧ್ಯೆ ಬಿಟ್ಟರೆ ಉಳಿದ ತಿಂಗಳುಗಳ ದುಡ್ಡು ಕೇಳುತ್ತಾರಾ, ಮನೆ ಬದಲಿಸಿದರೆ ಹೊಸ ಮನೆಗೆ ಹಾಕಿಕೊಡುತ್ತಾರಾ, ಪ್ಲ್ಯಾನ್ ನಿಲ್ಲಿಸಿದ ಮೇಲೂ ಸೈರನ್ ಕೂಗುತ್ತದಾ, ಇವನ್ನು ಸಹಿ ಹಾಕುವ ಮುಂಚೆಯೇ ಕೇಳಿ. ಗೋಡೆ ಕೊರೆಯದೆ ಅಂಟಿಸುವ, ಬ್ಯಾಟರಿಯಲ್ಲಿ ನಡೆಯುವ ಸೆನ್ಸರ್‌ಗಳನ್ನು ನೀವೇ ಕೊಂಡು, ತಿಂಗಳು ತಿಂಗಳು ಕಟ್ಟಿ ಯಾವಾಗ ಬೇಕಾದರೂ ನಿಲ್ಲಿಸಬಹುದಾದ ಪ್ಲ್ಯಾನ್ ತೆಗೆದುಕೊಳ್ಳಿ. ಹೋಗುವಾಗ ಕಿತ್ತುಕೊಂಡು ಹೋಗಬಹುದು.