ತಮ್ಮ ಬಿಎಸ್ಸಿ ನರ್ಸಿಂಗ್ ಸೇರಬಹುದಾ?

ತಮ್ಮನಿಗೆ ಬಿಎಸ್ಸಿ ನರ್ಸಿಂಗ್ ಸೀಟು ಸಿಕ್ಕಿದೆ, 'ಅದು ಹೆಣ್ಣುಮಕ್ಕಳ ಕೋರ್ಸು' ಅಂತ ತಂದೆಯವರು ಬೇಡ ಅಂತಿದ್ದಾರೆ, ಏನು ಮಾಡೋದು ಅಂತ ಕೇಳಿದ್ದೀರಿ. ಸೇರಿಸಿ. ನಾನೂ ಅದನ್ನೇ ಓದಿ ಈಗ ಐಸಿಯುನಲ್ಲಿ ನರ್ಸ್ ಆಗಿದ್ದೇನೆ.

ನೆಂಟರ ಕುಹಕ ಬೇಗ ಹಳತಾಗುತ್ತೆ. ವಾರ್ಡಿನಲ್ಲಿ ರೋಗಿಗಳು 'ಬ್ರದರ್' ಅಂತಾರೆ, ಅಷ್ಟೇ. ಸೂಜಿ ಹಾಕೋರು ಗಂಡೋ ಹೆಣ್ಣೋ ಅನ್ನೋದಕ್ಕಿಂತ ನರ ಒಂದೇ ಸಲಕ್ಕೆ ಸಿಗುತ್ತಾ ಅನ್ನೋದೇ ಅವರ ಚಿಂತೆ.

ತೊಡಕಿರೋದು ತರಬೇತಿಯಲ್ಲಿ, ಅದರಲ್ಲೂ ಹೆರಿಗೆ ವಾರ್ಡಿನಲ್ಲಿ. ಪಠ್ಯ ಎಲ್ಲರಿಗೂ ಒಂದೇ. ಪಾಸಾದ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಗಂಡಸರೂ ರಿಜಿಸ್ಟರ್ಡ್ ನರ್ಸ್ ಜೊತೆಗೆ ರಿಜಿಸ್ಟರ್ಡ್ ಮಿಡ್‌ವೈಫ್ (ಹೆರಿಗೆ ಮಾಡಿಸೋರು) ಅಂತಲೇ ನೋಂದಣಿ ಆಗೋದು. ಹೀಗಿದ್ದೂ ನಾನು ಓದಿದ ಕಡೆ ಲೇಬರ್ ರೂಮ್ ಪೋಸ್ಟಿಂಗ್ ಬಂದಾಗ ಹುಡುಗರನ್ನು ಬಾಗಿಲಾಚೆ ನಿಲ್ಲಿಸಿ, 'ಹುಡುಗಿಯರ ಲಾಗ್‌ಬುಕ್ ನೋಡಿ ಬರ್ಕೊಳ್ಳಿ' ಅಂದರು. ಲಾಗ್‌ಬುಕ್ ಅಂದ್ರೆ ತರಬೇತಿಯಲ್ಲಿ ನಾವೇ ಮಾಡಿದ್ದನ್ನು ಬರೆದಿಡೋ ಪುಸ್ತಕ. ಒಳಗಿರೋ ತಾಯಿ ಬೇಡ ಅಂದರೆ ಹೊರಗೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಕೆಯನ್ನು ಯಾರೂ ಕೇಳಲೇ ಇಲ್ಲ. ಅದೇ ಕೋಣೆಗೆ ಎಂಬಿಬಿಎಸ್ ಹುಡುಗರು ಮಾತ್ರ ಆರಾಮಾಗಿ ಹೋಗಿಬರ್ತಿದ್ದರು! ಇನ್ನು ಕ್ಯಾಶುವಾಲ್ಟಿ, ಆರ್ಥೋ, ಸೈಕಿಯಾಟ್ರಿಗೆ ನಮ್ಮನ್ನೇ ಮೊದಲು ಕರೀತಿದ್ದರು, ರೋಗಿಯನ್ನು ಎತ್ತೋಕೆ, ಹಿಡಿಯೋಕೆ. ನರ್ಸಿಂಗ್ ಓದೋಕೆ ಬಂದವನನ್ನು ಹಮಾಲಿ ಮಾಡೋದು ಅಂದ್ರೆ ಇದೇ.

ಕೆಲಸದ ವಿಷಯದಲ್ಲಿ ತಂದೆಯವರ ಆತಂಕ ಪೂರ್ತಿ ಸುಳ್ಳಲ್ಲ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗಳಲ್ಲಿ 80 ಭಾಗ ಹೆಂಗಸರಿಗೆ, 20 ಭಾಗ ಗಂಡಸರಿಗೆ ಅಂತ 2019ರಲ್ಲೇ ತೀರ್ಮಾನವಾಯಿತು. ಆ 20ಕ್ಕೆ ರಾಜಸ್ಥಾನದ ಹುಡುಗರು ಜೀವ ಬಿಟ್ಟು ಓದ್ತಾರೆ. ಸೇನೆಯ ಮಿಲಿಟರಿ ನರ್ಸಿಂಗ್ ಸರ್ವಿಸನ್ನಂತೂ 1943ರ ಸುಗ್ರೀವಾಜ್ಞೆಯಲ್ಲಿ ಹೆಂಗಸರಿಗೆಂದೇ ಕಟ್ಟಿದ್ದು. ಹಾಗಾಗಿ ಅರ್ಜಿ ಹಾಕೋ ಮುಂಚೆ ನೋಟಿಫಿಕೇಶನ್ ಪೂರ್ತಿ ಓದೋ ಅಭ್ಯಾಸ ಅವನಿಗೆ ಈಗಿಂದಲೇ ಇರಲಿ. ಖಾಸಗಿ ಆಸ್ಪತ್ರೆಗಳ ಐಸಿಯು, ಡಯಾಲಿಸಿಸ್, ಆಪರೇಷನ್ ಥಿಯೇಟರ್‌ಗಳಲ್ಲಿ ಹುಡುಗರಿಗೆ ಕೆಲಸ ಸಿಗುತ್ತೆ. ಸಂಬಳ ಶುರುವಿನಲ್ಲಿ ಕಮ್ಮಿ, ಅದು ಹುಡುಗಿಯರಿಗೂ ಅಷ್ಟೇ.

ಫೀಸು ಕಟ್ಟೋ ಮೊದಲು ಒಂದು ಕೆಲಸ ಮಾಡಿ. ಆ ಕಾಲೇಜಿನ ಕೊನೇ ವರ್ಷದ ಹುಡುಗರನ್ನು ಹೊರಗೆ ಟೀ ಅಂಗಡಿ ಹತ್ರ ಹಿಡಿದು, ಹೆರಿಗೆ ಪೋಸ್ಟಿಂಗ್ ಎಲ್ಲಿ ಆಯಿತು, ಒಳಗೆ ಬಿಟ್ರಾ ಅಂತ ಕೇಳಿ. ಪ್ರಿನ್ಸಿಪಾಲರನ್ನು ಕೇಳಿದರೆ 'ಎಲ್ಲಾ ಸರಿಯಾಗಿದೆ' ಅಂತಲೇ ಹೇಳ್ತಾರೆ.